ಹೆಣ್ಣು ಸಿಗುತ್ತಿಲ್ಲವೆನ್ನುವ ಮುನ್ನ ಪಹಣಿ ತೆಗೆದು ನೋಡಿ

ಮಾನ್ಯ ಸಂಪಾದಕರೇ,

ಅಡಿಕೆ ತೋಟದ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲವೆಂಬ ಬಗ್ಗೆ ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಪ್ರಕಟವಾಗುತ್ತಿರುವ ಪತ್ರಗಳನ್ನು ಒಂದೂ ಬಿಡದೆ ಓದಿದ್ದೇನೆ. ನಾನು ಶಿರಸಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದು 34 ವರ್ಷಗಳಾದವು. ಓದು ಮುಗಿಸಿ ತೋಟವನ್ನೇ ನಂಬಿ ಮನೆಯಲ್ಲಿ ಉಳಿದ, ಇನ್ನೂ ಮದುವೆಯಾಗದ ಮಗನ ತಾಯಿ. ಆದ್ದರಿಂದ ಈ ಸಂಕಟ ನನಗೆ ಪಕ್ಕದ ಮನೆಯದಲ್ಲ. ಆದರೆ ಆ ಪತ್ರಗಳಲ್ಲಿ ಹೆಚ್ಚಿನವು ‘ಈಗಿನ ಹುಡುಗಿಯರಿಗೆ ಬೆಂಗಳೂರೇ ಬೇಕು, ಸಗಣಿ ಮುಟ್ಟಲು ಅಸಹ್ಯ’ ಎಂಬ ದೂರಿನಲ್ಲಿಯೇ ಮುಗಿಯುತ್ತವೆ. ನಮ್ಮ ಮನೆಗೆ ಬಂದವಳಿಗೆ ನಾವು ಏನು ಕೊಟ್ಟೆವು ಎಂದು ಕೇಳಿಕೊಂಡ ಒಂದು ಪತ್ರವೂ ನನ್ನ ಕಣ್ಣಿಗೆ ಬೀಳಲಿಲ್ಲ.

ಎರಡು ವರ್ಷಗಳ ಹಿಂದೆ ಸಿದ್ದಾಪುರದ ಕಡೆಯ ಒಂದು ಕುಟುಂಬ ಜಾತಕ ಕೂಡಿದ ಮೇಲೆ ನಮ್ಮ ಮನೆ ನೋಡಲು ಬಂದಿತ್ತು. ಗಂಡಸರು ಜಗಲಿಯಲ್ಲಿ ಕವಳ (ಎಲೆಯಡಿಕೆ) ಹಾಕುತ್ತ ತೋಟದ ವಿಸ್ತೀರ್ಣ ಮಾತಾಡುತ್ತಿದ್ದರು. ಹುಡುಗಿ ನನ್ನ ಹಿಂದೆಯೇ ಅಡುಗೆ ಮನೆಗೆ ಬಂದು, ಬಂದವರಿಗೆ ಕುಡಿಯಲು ಆಸರಿಗೆ ಮಾಡುತ್ತಿದ್ದ ನನ್ನ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಕೇಳಿದಳು: ‘ಅತ್ತೆ, ಅಡಿಕೆ ದುಡ್ಡು ನಿಂಗಳ ಖಾತೆಗೂ ಬತ್ತಾ?’ ನನ್ನ ಬಳಿ ಉತ್ತರವಿರಲಿಲ್ಲ. ‘ಎಲ್ಲ ಒಂದೇ ಅಲ್ಲವೇ ಮಗಾ’ ಎಂದೆ. ಆ ಸಂಬಂಧ ಮುಂದುವರಿಯಲಿಲ್ಲ, ಅದಕ್ಕೆ ಕಾರಣವನ್ನು ಅವರು ಹೇಳಲೂ ಇಲ್ಲ. ಆದರೆ ಆ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿದುಬಿಟ್ಟಿತು.

ಅವಳು ನೋಡಿದ ಕೈಯ ವಿಷಯ ಹೇಳಬೇಕು. ಕೊನೆಕೊಯ್ಲಿನ ದಿನಗಳಲ್ಲಿ ಇಳಿಸಿದ ಹಸಿ ಅಡಿಕೆಯನ್ನು ಹಾಗೆಯೇ ಇಟ್ಟುಕೊಳ್ಳಲು ಬರುವುದಿಲ್ಲ. ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ರಸದಲ್ಲಿ) ಬೇಯಿಸಿ, ಬಿಸಿಲಿಗೆ ಹರವಬೇಕು. ಹಗಲು ಹನ್ನೆರಡು ಜನರಿಗೆ ಅಡುಗೆ ಮಾಡಿ, ಕೊಟ್ಟಿಗೆ ಕೆಲಸ ಮುಗಿಸಿ, ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ನಾನೂ ನನ್ನ ಅತ್ತೆಯವರೂ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದೆವು. ಏಳುವಾಗ ಹನ್ನೊಂದೂವರೆ ದಾಟಿರುತ್ತಿತ್ತು. ಅಡಿಕೆಯ ಕರೆ ಹಿಡಿದು ಬೆರಳ ತುದಿಗಳು ಕಪ್ಪಾದರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಸುಗ್ಗಿ ಕಳೆದು ತಿಂಗಳಾದರೂ ಉಗುರಿನ ಸಂದಿಯಲ್ಲಿ ಉಳಿದಿರುತ್ತದೆ. ತಿಂಗಳ ಮೂರು ದಿನ ಹೊರಗೆ ಕೂರುವ ಕಾಲ ಅದು. ಆಗ ನನಗೆ ದೇವರ ಕೋಣೆ, ಅಡುಗೆ ಮನೆ ಎರಡೂ ಇರಲಿಲ್ಲ, ಆದರೆ ಅಂಗಳದಲ್ಲಿ ಕುಳಿತು ಅಡಿಕೆ ಸುಲಿಯಲು ಮಾತ್ರ ಯಾವ ಮೈಲಿಗೆಯೂ ಅಡ್ಡ ಬರಲಿಲ್ಲ. ಇದೇ ಕೆಲಸಕ್ಕೆ ಹೊರಗಿನಿಂದ ಬಂದ ಹೆಂಗಸರಿಗೆ ಕೆಜಿ ಲೆಕ್ಕದಲ್ಲಿ ಕೂಲಿ ಕೊಟ್ಟು ಪುಸ್ತಕದಲ್ಲಿ ಬರೆದಿಡುತ್ತೇವೆ. ಮನೆಯ ಹೆಂಗಸರು ಸುಲಿದದ್ದು ಯಾವ ಪುಸ್ತಕಕ್ಕೂ ಏರಿದ್ದಿಲ್ಲ. ಉದುರು ಅಡಿಕೆ ಹೆಕ್ಕುವುದು, ಮೆಣಸು ಬಿಡಿಸುವುದು, ಮೋಡ ಕಂಡೊಡನೆ ಅಂಗಳದ ರಾಶಿಯನ್ನು ಒಳಗೆ ಎಳೆಯುವುದು ಹೀಗೆ ಹೇಳುತ್ತ ಹೋದರೆ ಪತ್ರ ಬೆಳೆದೀತು.

ಇಷ್ಟಾಗಿ ನಾನು ಕಾಗದದಲ್ಲಿ ಯಾರು? ಪಹಣಿಯಲ್ಲಿ ಯಜಮಾನರ ಹೆಸರಿದೆ. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಭೂದಾಖಲೆಯಲ್ಲಿ ಹೆಸರಿದ್ದವರಿಗೆ ಬರುವುದರಿಂದ ಅದೂ ಅವರ ಖಾತೆಗೇ ಬರುತ್ತದೆ. ಸಹಕಾರಿ ಸಂಘದ ಷೇರು, ಬೆಳೆಸಾಲ, ವಿಕ್ರಿಯ ಪಟ್ಟಿ, ವಾರ್ಷಿಕ ಸಭೆಯ ನೋಟಿಸು ಎಲ್ಲವೂ ಅವರ ಹೆಸರಿನವು. ಅವರು ಬೆನ್ನುನೋವಿನಿಂದ ಮಲಗಿದ್ದಾಗ ಒಮ್ಮೆ ನಾನೇ ಸಾಲದ ವಿಚಾರಕ್ಕೆ ಹೋದರೆ, ಕೌಂಟರಿನಲ್ಲಿದ್ದವರು ವಿಷಯವನ್ನೂ ಕೇಳದೆ ‘ಯಜಮಾನರನ್ನು ಕಳಿಸಿ’ ಎಂದರು. ನನ್ನನ್ನು ಮನೆಯ ಯಜಮಾನಿ ಎಂದು ಕರೆಯುವ ಕಾಗದ ಒಂದೇ ಒಂದು, ಅದು ಪಡಿತರ ಚೀಟಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಮಹಿಳೆಯನ್ನೇ ಕುಟುಂಬದ ಮುಖ್ಯಸ್ಥೆ ಎಂದು ಬರೆಸಿತು. ಗೃಹಲಕ್ಷ್ಮಿಯ 2,000 ರೂಪಾಯಿ ನನ್ನ ಹೆಸರಿಗೆ ಬರುವುದೂ ಆ ಬರಹದ ಬಲದಿಂದ. ಅದನ್ನು ಬಿಟ್ಟಿ ಹಣವೆಂದು ಹೀಗಳೆಯುವವರು ನಮ್ಮ ಊರಿನಲ್ಲೂ ಇದ್ದಾರೆ. ನನ್ನ ಮಟ್ಟಿಗೆ, ಬೇರೆಯವರನ್ನು ಕೇಳದೆ ನಾನು ಬ್ಯಾಂಕಿನಿಂದ ತೆಗೆದ ಮೊದಲ ಹಣ ಅದು.

ತವರಿನ ಕಡೆಯ ಕಥೆಯೂ ಬೇರೆಯಲ್ಲ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ, ಅದಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಸಮಪಾಲು ಬಂತು. ದೇಶದ ಎಲ್ಲ ಹೆಣ್ಣುಮಕ್ಕಳಿಗೆ, ಮದುವೆಯಾದವರಿಗೂ, ಅದು 2005ರ ಸೆಪ್ಟೆಂಬರ್ 9ರಂದು ಅನ್ವಯವಾಯಿತು, ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಆದರೂ ಪಾಲು ಕೇಳಿದ ಮಗಳು ತವರಿನ ದಾರಿ ಕಡಿದುಕೊಂಡಳೆಂದೇ ನಮ್ಮಲ್ಲಿ ಎಣಿಕೆ. ಅಣ್ಣತಮ್ಮಂದಿರ ಪ್ರೀತಿ ಉಳಿಯಲೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತೇವೆ, ನಾನೂ ಹಾಕಿದ್ದೇನೆ. ಹುಟ್ಟಿದ ಮನೆಯ ಕಾಗದದಿಂದ ಹೆಸರು ತೆಗೆಸಿಕೊಂಡು ಬಂದವಳಿಗೆ ಸೇರಿದ ಮನೆಯ ಕಾಗದದಲ್ಲೂ ಜಾಗವಿಲ್ಲವೆಂದರೆ, ಬೆಂಗಳೂರಿನಲ್ಲಿ ಇಪ್ಪತ್ತೈದು ಸಾವಿರ ಸಂಬಳದ ಕೆಲಸ ಅವಳಿಗೆ ಹತ್ತು ಎಕರೆ ತೋಟಕ್ಕಿಂತ ದೊಡ್ಡದಾಗಿ ಕಂಡರೆ ಆಶ್ಚರ್ಯವೇನು? ಆ ಸಂಬಳ ಅವಳ ಹೆಸರಿಗೇ ಬರುತ್ತದೆ.

ಬ್ರಿಟಿಷರಿಗೆ ಕಂದಾಯ ಕೊಡದ ಕರನಿರಾಕರಣೆಯ ಕಾಲದಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ, ಜಪ್ತಿಯಾದ ಆಸ್ತಿ ಕೊಂಡವರ ಮನೆಯೆದುರು ಉಪವಾಸ ಕುಳಿತು ಸತ್ಯಾಗ್ರಹ ಮಾಡಿದವರು ಇದೇ ಸೀಮೆಯ ಹೆಂಗಸರು. ತಮ್ಮ ಹೆಸರಿನಲ್ಲಿ ಇಲ್ಲದ ಜಮೀನಿಗಾಗಿ ಅವರು ಅನ್ನ ಬಿಟ್ಟರು. ಅಲ್ಲಿರುವ ಅವರ ಸ್ಮಾರಕದ ಮುಂದೆ ನಿಂತಾಗಲೆಲ್ಲ ನನಗೆ ಈ ಮಾತೇ ನೆನಪಾಗುತ್ತದೆ.

ನನ್ನ ತಪ್ಪನ್ನೂ ಹೇಳದಿದ್ದರೆ ಈ ಪತ್ರ ಪ್ರಾಮಾಣಿಕವಾಗದು. ಮಗಳು ಹೈಸ್ಕೂಲಿನಲ್ಲಿದ್ದಾಗಿನಿಂದ ‘ನನ್ನ ಹಾಗೆ ತೋಟದ ಮನೆ ಸೇರಬೇಡ, ಓದಿ ಕೆಲಸ ಹಿಡಿ’ ಎಂದು ಅವಳ ಕಿವಿಯಲ್ಲಿ ಹೇಳಿದವಳು ನಾನೇ. ಅವಳು ಹಾಗೆಯೇ ಮಾಡಿದಳು, ಈಗ ಮೈಸೂರಿನಲ್ಲಿದ್ದಾಳೆ. ಮಗನಿಗೆ ಮಾತ್ರ ಏನು ಬೇಕೆಂದು ನಾವು ಕೇಳಲೇ ಇಲ್ಲ. ಒಬ್ಬನೇ ಗಂಡು, ತೋಟ ನೋಡಿಕೊಳ್ಳಬೇಕು ಎಂಬುದು ಅವನು ಹುಟ್ಟಿದ ದಿನವೇ ತೀರ್ಮಾನವಾಗಿತ್ತು. ಇತರ ತಾಯಂದಿರೂ ತಮ್ಮ ಮಗಳಿಗೆ ನಾನು ಹೇಳಿದ್ದನ್ನೇ ಹೇಳಿರುವಾಗ, ನನ್ನ ಮನೆಗೆ ಮಾತ್ರ ತೋಟ ಮೆಚ್ಚಿದ ಸೊಸೆ ಎಲ್ಲಿಂದ ಬರಬೇಕು? ಗಂಡುಮಕ್ಕಳಿಗೂ ಈ ಕಟ್ಟುಪಾಡು ಸುಖ ಕೊಟ್ಟಿಲ್ಲ. ಮೂವತ್ತು ದಾಟಿದ ಹುಡುಗರು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ, ಎದುರಾದವರೆಲ್ಲ ಕೇಳುವುದು ಒಂದೇ ಪ್ರಶ್ನೆಯಾದ್ದರಿಂದ.

ಕಳೆದ ವರ್ಷ ಕೊಟ್ಟಿಗೆಯಲ್ಲಿ ಜಾರಿ ನನ್ನ ಮುಂಗೈ ಮುರಿದಾಗ ಆರು ವಾರ ಅಡುಗೆ ಮಾಡಿದವನು ಮಗ. ಮೊದಲ ದಿನ ಅನ್ನ ತಳ ಹಿಡಿಯಿತು, ತಂಬುಳಿಗೆ ಉಪ್ಪು ಬೀಳಲಿಲ್ಲ. ಮೂರನೆಯ ವಾರಕ್ಕೆ ಅವನ ಸಾರು ನನ್ನದಕ್ಕಿಂತ ಚೆನ್ನಾಗಿತ್ತು. ನೋಡಲು ಬಂದ ನೆಂಟರು ನನ್ನ ಕೈಯ ನೋವಿಗಿಂತ ಹೆಚ್ಚಾಗಿ ‘ಪಾಪ, ಗಂಡುಹುಡುಗ ಒಲೆ ಮುಂದೆ ನಿಲ್ಲುವ ಹಾಗಾಯಿತು’ ಎಂದು ಮರುಗಿದರು. ನಮ್ಮ ಮದುವೆ ಮುಂಜಿಗಳಲ್ಲಿ ಐನೂರು ಜನರಿಗೆ ಅಡುಗೆ ಮಾಡುವವರು ಗಂಡಸರೇ ಅಲ್ಲವೇ? ಅಲ್ಲಿ ಸೌಟು ಹಿಡಿದವರಿಗೆ ಗೌರವವೂ ಸಂಭಾವನೆಯೂ ಇದೆ, ಮನೆಯೊಳಗೆ ಅದೇ ಸೌಟು ಹಿಡಿದರೆ ಅವಮಾನವಾಗುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ. ತೋಟದ ಕೆಲಸ ಈ ಲೆಕ್ಕದಲ್ಲಿ ಸೇರಿಲ್ಲ.

ಆದ್ದರಿಂದ ತೋಟವಿರುವ ಮನೆಗಳವರಲ್ಲಿ ನನ್ನ ವಿನಂತಿ ಇಷ್ಟೇ. ಸೊಸೆ ಬರುವ ಮೊದಲು ಮನೆಯಲ್ಲಿರುವ ಹೆಂಗಸಿನ ಹೆಸರನ್ನು ಜಮೀನಿನ ಕಾಗದಕ್ಕೆ ಸೇರಿಸಿ. ಅಡಿಕೆಯ ಹಣ ಜಂಟಿ ಖಾತೆಗೆ ಬರಲಿ. ಸಹಕಾರಿ ಸಂಘಗಳು ತೋಟದಲ್ಲಿ ದುಡಿಯುವ ಹೆಂಗಸರನ್ನು ತಾವಾಗಿ ಕರೆದು ಸದಸ್ಯರನ್ನಾಗಿ ಮಾಡಿಕೊಳ್ಳಲಿ. ಜನಗಣತಿಗೆ ಬಂದವರು ಕೇಳಿದಾಗ ‘ಮನೆಯಲ್ಲೇ ಇರುತ್ತಾಳೆ’ ಎಂದು ಜಗಲಿಯಿಂದಲೇ ಉತ್ತರಿಸಬೇಡಿ. ಕುಟುಂಬದ ಜಮೀನಿನಲ್ಲಿ ಸಂಬಳವಿಲ್ಲದೆ ದುಡಿಯುವುದನ್ನೂ ಜನಗಣತಿ ಕೆಲಸವೆಂದೇ ಪರಿಗಣಿಸುತ್ತದೆ.

ನಮ್ಮ ಮನೆಯಲ್ಲಿ ಈ ಮಾತನ್ನು ಎತ್ತಿದಾಗ ಯಜಮಾನರು ಮೊದಲು ಎರಡು ದಿನ ಮಾತಾಡಲಿಲ್ಲ. ತಮ್ಮಲ್ಲಿ ನನಗೆ ನಂಬಿಕೆ ಇಲ್ಲವೇ ಎಂಬುದು ಅವರ ಕೊರಗಾಗಿತ್ತು. ಮಗನೇ ಕುಳಿತು ವಿವರಿಸಿದ. ಕಳೆದ ತಿಂಗಳು, ಅವರು ತಮ್ಮ ಸ್ವಂತ ದುಡಿಮೆಯಿಂದ ಕೊಂಡಿದ್ದ 20 ಗುಂಟೆ ತೋಟವನ್ನು ದಾನಪತ್ರ ಮಾಡಿ ನನ್ನ ಹೆಸರಿಗೆ ನೋಂದಾಯಿಸಿದರು. ಪಹಣಿಯಲ್ಲಿ ಹೆಸರು ಬಂದ ಕೂಡಲೇ ಸಂಘದ ಸದಸ್ಯತ್ವಕ್ಕೆ ಕೊಡಬೇಕೆಂದು ಅರ್ಜಿಯನ್ನು ಈಗಲೇ ತುಂಬಿಸಿ ಇಟ್ಟಿದ್ದೇನೆ; ಉದ್ಯೋಗದ ಮುಂದೆ ‘ಕೃಷಿ’ ಎಂದು ನನ್ನ ಕೈಯಾರೆ ಬರೆದಿದ್ದೇನೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ್ತಿ
ಶಿರಸಿ ತಾಲ್ಲೂಕು, ಉತ್ತರ ಕನ್ನಡ