ಸ್ಟಿಕರಿನಲ್ಲಿ 12 ವೋಲ್ಟಿನ ಸಾಲು ನೋಡು

ಸಾಗರ

ಚಿ. ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನೀನು ಆರ್‌ಟಿಎಕ್ಸ್ 5070 ಗ್ರಾಫಿಕ್ಸ್ ಕಾರ್ಡ್ ತಗೊಂಡ ಸುದ್ದಿಯನ್ನು ಅಕ್ಕ ಹೇಳಿದಳು. ಸಂಬಳದಲ್ಲಿ ಉಳಿಸಿ ತಗೊಂಡಿದ್ದೀಯ, ಬಹಳ ಸಂತೋಷವಾಯಿತು. "ಕ್ಯಾಬಿನೆಟ್ ಜೊತೆ ಬಂದ 450 ವ್ಯಾಟಿನ ಎಸ್‌ಎಂಪಿಎಸ್ ಇದೆ, ಸಾಕು ಅಲ್ವಾ ಮಾವ?" ಅಂತ ಕೇಳಿದ್ದೆ. ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಆ ಡಬ್ಬಿಯ ಮೇಲಿನ ಸ್ಟಿಕರಿನ ಫೋಟೋ ನೀನು ಕಳಿಸಿದ್ದನ್ನು ನೋಡಿದೆ. ಸಾಲದು. ಆ ಕಾರ್ಡನ್ನು ಅದಕ್ಕೆ ಹಾಕಲೇಬೇಡ. ಯಾಕೆ ಅನ್ನುವುದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಹಾಕಿದ ಲೆಕ್ಕ ತಪ್ಪಲ್ಲ. ಕಾರ್ಡಿಗೆ 250 ವ್ಯಾಟ್. ನಿನ್ನ ಐ5-12400ಎಫ್ ಪ್ರೊಸೆಸರ್ ಜೋರಾಗಿ ದುಡಿದರೆ 117. ಬೋರ್ಡು, ಫ್ಯಾನು, ಎಸ್‌ಎಸ್‌ಡಿ ಎಲ್ಲಕ್ಕೂ ಒಂದು 50 ಇಟ್ಟುಕೋ. 420ರ ಹತ್ತಿರ ಬರುತ್ತದೆ. ಆದರೆ ನೀನು ನೋಡಿದ್ದು ದಪ್ಪ ಅಕ್ಷರದ 450 ಮಾತ್ರ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 12 ವೋಲ್ಟಿನ ಸಾಲು ಇದೆ, ಅಲ್ಲಿ 18 ಆಂಪಿಯರ್ ಅಂತ ಬರೆದಿದೆ. 12ನ್ನು 18ರಿಂದ ಗುಣಿಸು. 216 ವ್ಯಾಟ್. ಕಾರ್ಡೂ ಪ್ರೊಸೆಸರೂ ಹೆಚ್ಚುಕಡಿಮೆ ಎಲ್ಲಾ ಕರೆಂಟನ್ನೂ ಆ ಸಾಲಿನಿಂದಲೇ ಎಳೆಯುತ್ತವೆ. ಮಿಕ್ಕ ವ್ಯಾಟುಗಳು 3.3 ಮತ್ತು 5 ವೋಲ್ಟಿನ ಸಾಲಿನಲ್ಲಿವೆ, ಈಗಿನ ಕಂಪ್ಯೂಟರಿಗೆ ಅವು ಬೇಕಾಗುವುದೇ ಕಡಿಮೆ. ನಿನ್ನ ಹತ್ತಿರ ನಿಜಕ್ಕೂ ಇರುವುದು 216. ಕಾರ್ಡ್ ಒಂದಕ್ಕೇ ಅದು ಸಾಲದು.

ಇನ್ನೊಂದು ವಿಷಯ. ಕಾರ್ಡು ಬಲ್ಬಿನ ಹಾಗೆ ಒಂದೇ ಸಮ ಕರೆಂಟ್ ಎಳೆಯುವುದಿಲ್ಲ. ತೋಟದ ಪಂಪ್‌ಸೆಟ್ ಶುರುವಾದ ಕ್ಷಣ ಮನೆಯ ಲೈಟು ಮಂಕಾಗುತ್ತದಲ್ಲ, ಆ ಥರದ ಎಳೆತ ಗೇಮ್ ಆಡುವಾಗ ಮತ್ತೆ ಮತ್ತೆ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬಡ ಎಸ್‌ಎಂಪಿಎಸ್ ತಡೆಯಲಾರದೆ ಆಫ್ ಆಗುತ್ತದೆ. ಕಾರಣ ತಿಳಿಯದೆ ಜನ ರ‍್ಯಾಮ್ ಬದಲಿಸುತ್ತಾರೆ, ವಿಂಡೋಸ್ ಮತ್ತೆ ಹಾಕಿಸುತ್ತಾರೆ. ಈ ಎಳೆತಕ್ಕೆಂದೇ 2022ರಲ್ಲಿ ಎಸ್‌ಎಂಪಿಎಸ್‌ಗಳಿಗೆ ಎಟಿಎಕ್ಸ್ 3.0 ಅನ್ನುವ ನಿಯಮ ಬಂತು. ಸೆಕೆಂಡಿನ ಹತ್ತು ಸಾವಿರದ ಒಂದು ಪಾಲು ಹೊತ್ತು ತನ್ನ ಅಳತೆಯ ಎರಡರಷ್ಟು ಎಳೆತವನ್ನು ಎಸ್‌ಎಂಪಿಎಸ್ ತಾಳಬೇಕು. ಈಗ ತಗೊಳ್ಳುವಾಗ ಅದರ ಮುಂದಿನ ಆವೃತ್ತಿ 3.1 ಅಂತ ಬರೆದದ್ದನ್ನೇ ಕೇಳು.

ಈ ಕಾರ್ಡಿನ ಚಿಪ್ ಮಾಡುವ ಎನ್‌ವಿಡಿಯಾದವರು ಇದಕ್ಕೆ 650 ವ್ಯಾಟಿನ ಎಸ್‌ಎಂಪಿಎಸ್ ಹೇಳುತ್ತಾರೆ. ನನ್ನದೂ ಅದೇ ಮಾತು. ಮುಂದೆ ದೊಡ್ಡ ಕಾರ್ಡ್ ಹಾಕುವ ಆಸೆ ಇದ್ದರೆ 750. 1000 ಹಾಕಿದರೆ ಕರೆಂಟ್ ಬಿಲ್ ಏರುವುದಿಲ್ಲ, ಕಾರ್ಡಿಗೆ ಬೇಕಾದಷ್ಟನ್ನೇ ಅದು ಕೊಡುತ್ತದೆ. ಆದರೆ ಸುಮ್ನೆ ದುಡ್ಡು ದಂಡ. ಆ ದುಡ್ಡನ್ನು ಒಳ್ಳೆಯ ಮಾಲಿಗೆ ಹಾಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ "ಗೋಲ್ಡ್ ಇದೆ ಸರ್" ಅಂದ ತಕ್ಷಣ ಒಪ್ಪಬೇಡ. 80 ಪ್ಲಸ್ ಗೋಲ್ಡ್ ಅಂದರೆ ಕರೆಂಟ್ ಕಡಿಮೆ ಪೋಲಾಗುತ್ತದೆ ಅಂತ ಮಾತ್ರ. ಗಟ್ಟಿಮುಟ್ಟು ಅನ್ನುವುದಕ್ಕೆ ಅದು ಗುರುತಲ್ಲ. ವಾರಂಟಿ ಎಷ್ಟು ವರ್ಷ ಅಂತ ಕೇಳು.

ಈಗ ಕೇಬಲ್. ಇದನ್ನು ಎರಡು ಸಲ ಓದು.

ನಿನ್ನ ಕಾರ್ಡಿನದು 16 ಪಿನ್ನಿನ ಸಣ್ಣ ಪ್ಲಗ್. ಇದೇ ಥರದ ಪ್ಲಗ್ ಇದ್ದ, 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಕೆಲವದರ ಪ್ಲಗ್ ಕರಗಿಹೋಗಿತ್ತು. ಪ್ಲಗ್ ಪೂರ್ತಿ ಕೂರದೇ ಇದ್ದದ್ದು ಅದಕ್ಕೆ ಒಂದು ಕಾರಣ. ಸಂದು ಕಾಣದಷ್ಟು ಒತ್ತಿ ಕೂರಿಸು. ಪ್ಲಗ್ಗಿನ ಬುಡದಲ್ಲೇ ವೈರನ್ನು ಮಡಚಬೇಡ. ಎರಡು 8 ಪಿನ್ನಿನ ಅಡಾಪ್ಟರ್ ಹಾಕಿದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ತರಬೇಕು, ಒಂದೇ ಕೇಬಲಿನ ಎರಡು ಕವಲನ್ನು ಚುಚ್ಚಬಾರದು.

ಇನ್ನು ಮಾಡ್ಯುಲರ್, ಅಂದರೆ ಕೇಬಲುಗಳನ್ನು ಬಿಚ್ಚಿ ಹಾಕಬಹುದಾದ ಎಸ್‌ಎಂಪಿಎಸ್ ಆದರೆ ಡಬ್ಬಿಯಲ್ಲಿ ಬಂದ ಕೇಬಲನ್ನೇ ಬಳಸು. ಅಂಗಡಿ ಇಟ್ಟಿದ್ದಾಗ ನಾನು ಒಬ್ಬ ಫೋಟೋ ಸ್ಟುಡಿಯೋದವರ ಎಸ್‌ಎಂಪಿಎಸ್ ಬದಲಿಸಿದೆ. ಹಳೆಯ ಕೇಬಲ್ ಚೆನ್ನಾಗಿಯೇ ಕೂತಿತು, ಹಾಗಾಗಿ ಬಿಚ್ಚಲಿಲ್ಲ. ಸ್ವಿಚ್ ಹಾಕಿದ ಕೂಡಲೇ ಎರಡು ಹಾರ್ಡ್ ಡಿಸ್ಕ್ ಸುಟ್ಟುಹೋದವು. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಒಂದೊಂದು ಕಂಪನಿಗೆ ಒಂದೊಂದು ಥರ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿತ್ತು. ಆ ಡಿಸ್ಕುಗಳಲ್ಲಿ ಒಂದು ಸೀಸನ್ನಿನ ಮದುವೆ ಫೋಟೋಗಳಿದ್ದವು. ಅವರು ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಇವತ್ತಿಗೂ ಅದು ನನ್ನ ಕಣ್ಣ ಮುಂದಿದೆ.

ಮನೆಯಿಂದ ಕೆಲಸ ಮಾಡಲು ಇಲ್ಲಿಗೆ ಬರುವಾಗ ಮೆಷಿನ್ನೂ ತರುತ್ತೇನೆ ಅಂದೆಯಂತೆ. ಇಲ್ಲಿರುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ. ನಿನ್ನ ಗೇಮನ್ನು ಅದು ತಡೆಯುವುದಿಲ್ಲ, 1100 ವಿಎದು ಬೇಕು. ಮಳೆಗಾಲದ ಸಿಡಿಲು ನಿನಗೆ ಗೊತ್ತೇ ಇದೆ. ನೀನು ಬರುವುದರೊಳಗೆ ನಿನ್ನ ಕೋಣೆಯ ಅರ್ಥಿಂಗ್ ಸರಿ ಮಾಡಿಸುತ್ತೇನೆ.

ದುಡ್ಡು ಕೊಡುವ ಮೊದಲು ಹೊಸ ಎಸ್‌ಎಂಪಿಎಸ್ ಸ್ಟಿಕರಿನ ಫೋಟೋ ಕಳಿಸು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ನೋಡಿ ಹೇಳುತ್ತೇನೆ.

ಇಂತಿ ನಿನ್ನ ಪ್ರೀತಿಯ
ಮಾವ