ಡಾಕ್ಟರ ಮೇಜಿನ ಪಕ್ಕಕ್ಕೆ ಇನ್ನೊಂದು ಕುರ್ಚಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಈ ಪತ್ರದ ಮೇಲೆ ಕ್ಷೇತ್ರದ ಹೆಸರಿಲ್ಲ, ಕೆಳಗೆ ನನ್ನ ಹೆಸರೂ ಇಲ್ಲ. ನನಗೆ ನಾಚಿಕೆಯೇನಿಲ್ಲ. ಆದರೆ ಅಣ್ಣನ ಮಗಳಿಗೆ ಗಂಡು ನೋಡುತ್ತಿದ್ದೇವೆ. ‘ಹುಡುಗಿಯ ಚಿಕ್ಕಪ್ಪನಿಗೆ ತಲೆ ಸರಿಯಿಲ್ಲವಂತೆ’ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಕಾಫಿ ಕುಡಿದು ‘ತಿಳಿಸುತ್ತೇವೆ’ ಎಂದು ಎದ್ದುಬಿಡುತ್ತಾರೆ. ಒಂದು ಸಲ ಹಾಗೆ ಎದ್ದೂ ಹೋಗಿದ್ದಾರೆ. ಆದ್ದರಿಂದ ಮಂಡ್ಯ ಜಿಲ್ಲೆಯ ಏಳು ಶಾಸಕರಲ್ಲಿ ಯಾರು ಓದಿದರೂ ಇದು ತಮಗೇ ಬರೆದದ್ದು ಎಂದುಕೊಳ್ಳಬೇಕಾಗಿ ವಿನಂತಿ.

ನನಗಿರುವುದು ಬೈಪೋಲಾರ್ ಕಾಯಿಲೆ. ಕೆಲವು ತಿಂಗಳು ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ, ಇನ್ನು ಕೆಲವು ದಿನ ಹಾಸಿಗೆಯೇ ಬೇಕಾಗುವುದಿಲ್ಲ. ಹದಿನಾಲ್ಕು ವರ್ಷಗಳಿಂದ ಲಿಥಿಯಂ ಗುಳಿಗೆ ನುಂಗುತ್ತಿದ್ದೇನೆ. ಅಣ್ಣನ ಜೊತೆ ಆಲೆಮನೆ ನಡೆಸುತ್ತೇನೆ. ಈಗ ಚೆನ್ನಾಗಿದ್ದೇನೆ. ಚೆನ್ನಾಗಿರುವುದಕ್ಕೆ ಗುಳಿಗೆ ಕಾರಣ, ಗುಳಿಗೆ ಬರೆದುಕೊಟ್ಟ ವೈದ್ಯರು ಕಾರಣ, ಜೊತೆಗೆ ಹೂ ಕಟ್ಟುವ ಒಬ್ಬ ಹೆಂಗಸೂ ಕಾರಣ. ಮೊದಲಿನ ಎರಡಕ್ಕೆ ಸರ್ಕಾರ ದುಡ್ಡು ಕೊಡುತ್ತದೆ. ಮೂರನೆಯದರ ಬಗ್ಗೆ, ಅಂದರೆ ಅದೇ ಕಾಯಿಲೆಯನ್ನು ಅನುಭವಿಸಿದ ಅಂಥವರನ್ನು ದುಡ್ಡು ಕೊಟ್ಟು ಆಸ್ಪತ್ರೆಯಲ್ಲಿ ಕೂರಿಸಿ ಎಂದು ಕೇಳಲು ಈ ಪತ್ರ.

ಮೊದಲು ಮೈಸೂರಿನ ಒಂದು ಆಸ್ಪತ್ರೆಗೆ ಹೋಗುತ್ತಿದ್ದೆ. ಯಾವುದೆಂದು ಹೇಳುವುದಿಲ್ಲ, ಅಲ್ಲಿನವರು ಕೆಟ್ಟವರಲ್ಲ. ಲಿಥಿಯಂ ತೆಗೆದುಕೊಳ್ಳುವವರು ಆಗಾಗ ರಕ್ತ ಕೊಟ್ಟು ಅದರ ಮಟ್ಟ ನೋಡಿಸಬೇಕು. ಕಡಿಮೆಯಾದರೆ ಕಾಯಿಲೆ ಮರುಕಳಿಸುತ್ತದೆ, ಹೆಚ್ಚಾದರೆ ವಿಷವಾಗುತ್ತದೆ. ಒಂದು ದಿನ ಬೆಳಿಗ್ಗೆ ಎಂದಿನಂತೆ ಗುಳಿಗೆ ನುಂಗಿ ಬಸ್ ಹತ್ತಿ, ಹನ್ನೊಂದರ ಹೊತ್ತಿಗೆ ರಕ್ತ ಕೊಟ್ಟೆ. ಮಟ್ಟ ಜಾಸ್ತಿ ಎಂದು ವರದಿ ಬಂತು. ವೈದ್ಯರು ಪ್ರಮಾಣ ಇಳಿಸಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ನನ್ನ ನಿದ್ದೆ ಹೋಯಿತು. ಮೂರನೆಯ ತಿಂಗಳು, ಒಂದು ವಾರದ ಅಚ್ಚು ಬೆಲ್ಲವನ್ನೆಲ್ಲ ರಸ್ತೆ ಬದಿಯಲ್ಲಿ ನಿಂತು ಬಂದವರಿಗೆ, ಹೋದವರಿಗೆ, ಬಸ್ಸಿನ ಕಿಟಕಿಯೊಳಗೆ ಕೈಚಾಚಿದವರಿಗೆ ಹಂಚಿದೆ. ಊರಿನವರು ಅದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾರೆ, ನಾನೂ ನಗುತ್ತೇನೆ. ಅಣ್ಣ ನಗುವುದಿಲ್ಲ. ಆ ಬೆಲ್ಲದ ಮೇಲೆ ಅವನು ಮುಂಗಡ ತಂದಿದ್ದ.

ಮತ್ತೆ ಅದೇ ಆಸ್ಪತ್ರೆಯ ಬೆಂಚು. ಪಕ್ಕದಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಮಲ್ಲಿಗೆ ಮೊಗ್ಗು ಹಾಕಿಕೊಂಡು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಸರದಿ ಬರುವಷ್ಟರಲ್ಲಿ ನಾಲ್ಕು ಮೊಳವಾದರೂ ಆಗಲಿ ಎಂಬ ಲೆಕ್ಕ. ನಾರು ಸುತ್ತುವಾಗ ಅವರ ಬೆರಳು ಸಣ್ಣಗೆ ನಡುಗುತ್ತಿತ್ತು. ನನ್ನ ಕೈಯಲ್ಲಿದ್ದ ಚೀಟಿಯೂ ನಡುಗುತ್ತಿತ್ತು. ಅದನ್ನು ನೋಡಿ ಅವರೇ ಕೇಳಿದರು: “ನಿಮಗೂ ಲಿಥಿಯಮ್ಮೇ, ತಮ್ಮ?”

ಮುಂದಿನ ಅರ್ಧ ಗಂಟೆಯಲ್ಲಿ ನಾನು ಕಲಿತದ್ದನ್ನು ಅದಕ್ಕೂ ಹಿಂದಿನ ಮೂರು ವರ್ಷ ಯಾರೂ ಕಲಿಸಿರಲಿಲ್ಲ. ರಾತ್ರಿಯ ಗುಳಿಗೆ ನುಂಗಿ ಹನ್ನೆರಡು ಗಂಟೆಯಾದ ಮೇಲೆ, ಬೆಳಗಿನ ಗುಳಿಗೆ ನುಂಗುವ ಮೊದಲು ರಕ್ತ ಕೊಡಬೇಕು. ನುಂಗಿ ಹೋದರೆ ಮಟ್ಟ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮೈಕೈ ನೋವಿಗೆಂದು ಅಂಗಡಿಯ ನೋವಿನ ಮಾತ್ರೆಯನ್ನು ಕೇಳದೆ ತೆಗೆದುಕೊಳ್ಳಬಾರದು. ನನ್ನ ಕೆಲಸ ಏನೆಂದು ಕೇಳಿದರು. ಆಲೆಮನೆ ಎಂದೆ. ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟರು. “ಕೊಪ್ಪರಿಗೆ ಮುಂದೆ ನಿಲ್ಲುತ್ತೀರಾ? ಬೆವರು ಸುರಿದ ಹಾಗೆಲ್ಲ ಮೈಯಲ್ಲಿ ಗುಳಿಗೆ ಏರುತ್ತದೆ. ನೀರು ಬಿಡಬೇಡಿ, ಊಟದ ಉಪ್ಪು ಬಿಡಬೇಡಿ. ವಾಂತಿ ಬೇಧಿ ಆದರೆ, ನಡುಕ ಜಾಸ್ತಿಯಾಗಿ ಕಾಲು ತೂರಾಡಿದರೆ, ಮನೆಯಲ್ಲಿ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಬನ್ನಿ.” ನನ್ನ ಫೈಲಿನಲ್ಲಿ ವೃತ್ತಿ ಎಂಬಲ್ಲಿ ‘ವ್ಯವಸಾಯ’ ಎಂದು ಬರೆದಿತ್ತು. ಒಲೆಯ ಮುಂದೆ ಹತ್ತು ಗಂಟೆ ನಿಲ್ಲುವ ವ್ಯವಸಾಯ ಎಂದು ವೈದ್ಯರಿಗೆ ಹೊಳೆಯುವುದಾದರೂ ಹೇಗೆ? ಹೊರಗೆ ನೂರು ಜನ ನಿಂತಿದ್ದರು.

ನಾನು ಆ ಹೆಂಗಸನ್ನು ಹೂವಿನಕ್ಕ ಎನ್ನುತ್ತೇನೆ. ಆ ದಿನ ಅವರ ಜೊತೆ ಒಳಗೆ ಹೋಗಿ, ರಕ್ತ ಕೊಟ್ಟ ಹೊತ್ತನ್ನು ವೈದ್ಯರಿಗೆ ಹೇಳಿದೆ. ವೈದ್ಯರು ಪೆನ್ನು ಕೆಳಗಿಟ್ಟು, “ಇದನ್ನು ಆಗಲೇ ನಾವು ಕೇಳಬೇಕಿತ್ತು” ಎಂದರು. ಒಳ್ಳೆಯ ಮನುಷ್ಯ. ಇನ್ನೊಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿ ಪ್ರಮಾಣ ಸರಿಪಡಿಸಿದರು. ಅಲ್ಲಿಂದೀಚೆಗೆ ಬೆಲ್ಲ ಹಂಚಿಲ್ಲ.

ಇಂಗ್ಲಿಷಿನವರು ಇದಕ್ಕೆ ಪೀರ್ ಸಪೋರ್ಟ್ ಎಂದು ಹೆಸರಿಟ್ಟಿದ್ದಾರೆ. ನಾನು ಜೊತೆಗಾರಿಕೆ ಎನ್ನುತ್ತೇನೆ. ಕಾಯಿಲೆಯನ್ನು ಅನುಭವಿಸಿ ದಡ ಸೇರಿದವರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು, ಆಸ್ಪತ್ರೆಯಲ್ಲಿ ಹೊಸಬರ ಜೊತೆ ಕೂರಿಸುವುದು. ನನ್ನ ವಿಷಯದಲ್ಲಿ ಅದು ಬೆಂಚಿನ ಮೇಲೆ ಅದೃಷ್ಟದಿಂದ ಸಿಕ್ಕಿತು. ಹೂವಿನಕ್ಕ ಆ ದಿನ ಚಾಮರಾಜನಗರದ ಕಡೆ ಮದುವೆ ಹೂವಿಗೆ ಹೋಗಿದ್ದರೆ ನನ್ನ ಗತಿ ಏನು?

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರ ಕ್ಲಿನಿಕ್ ನಡೆಯುತ್ತಿರುವುದು ನಿಮಗೆ ತಿಳಿದೇ ಇದೆ. ಮನೋವೈದ್ಯರು ಬರುತ್ತಾರೆ, ಗುಳಿಗೆ ಉಚಿತ. ಈಗ ನಾನೂ ಅಲ್ಲಿಗೇ ಹೋಗುತ್ತೇನೆ, ಮೈಸೂರಿನ ಬಸ್ ಚಾರ್ಜು ಉಳಿದಿದೆ. ನನ್ನ ಬೇಡಿಕೆ ಒಂದೇ: ಆ ಮಂಗಳವಾರ ಡಾಕ್ಟರ ಮೇಜಿನ ಪಕ್ಕಕ್ಕೆ ಇನ್ನೊಂದು ಕುರ್ಚಿ ಹಾಕಿಸಿ, ಅದರಲ್ಲಿ ಒಬ್ಬ ಜೊತೆಗಾರನನ್ನೋ ಜೊತೆಗಾರ್ತಿಯನ್ನೋ ಗೌರವಧನ ಕೊಟ್ಟು ಕೂರಿಸಿ. ಇದಕ್ಕೆ ವಿಧಾನಸಭೆಯಲ್ಲಿ ಮಸೂದೆ ಬೇಡ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಅಧ್ಯಕ್ಷರು ನೀವೇ. ನೀರಿನ ಫಿಲ್ಟರ್ ರಿಪೇರಿಗೆ, ಕಿಟಕಿಯ ಗಾಜಿಗೆ ನಿರ್ಣಯ ಮಾಡುವ ಸಮಿತಿ ಇದಕ್ಕೂ ಒಂದು ನಿರ್ಣಯ ಮಾಡಬಹುದು.

ಕಾನೂನು ನಮ್ಮ ಪರವಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಆ ಕಾಯ್ದೆಯ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಮಾನಸಿಕ ಕಾಯಿಲೆ ಇರುವವರ ಅಥವಾ ಇದ್ದವರ ಪರವಾಗಿ ಇಬ್ಬರು ಸದಸ್ಯರು ಇರಲೇಬೇಕು. ರೋಗಿಗಳ ದೂರು ಕೇಳುವ ಪುನರ್ವಿಮರ್ಶಾ ಮಂಡಳಿಯಲ್ಲೂ ಕಾಯಿಲೆಯವರು, ಆರೈಕೆ ಮಾಡುವವರು ಅಥವಾ ಅವರ ಸಂಘಟನೆಯವರಿಗೆ ಎರಡು ಸ್ಥಾನ. ಮೇಲಿನ ಸಭೆಯಲ್ಲಿ ನಮ್ಮವರು ಕೂರಬಹುದಾದರೆ ತಾಲ್ಲೂಕು ಆಸ್ಪತ್ರೆಯ ಓಪಿಡಿಯಲ್ಲಿ ಏಕೆ ಕೂರಬಾರದು?

ನಮ್ಮ ನಾಡಿಗೆ ಇದು ಹೊಸದೂ ಅಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂದು ವಿಕಲಚೇತನರನ್ನೇ ಗೌರವಧನದ ಮೇಲೆ ನೇಮಿಸುವ ಪದ್ಧತಿ ಕರ್ನಾಟಕದಲ್ಲಿದೆ. ಗಾಲಿಕುರ್ಚಿಯ ಕಷ್ಟ ಗಾಲಿಕುರ್ಚಿಯಲ್ಲಿರುವವನಿಗೆ ಗೊತ್ತು ಎಂದು ಸರ್ಕಾರವೇ ಒಪ್ಪಿದ ಮಾತಿದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಆದರೂ ನಾನು ಕಂಡ ಆ ಕಾರ್ಯಕರ್ತರಲ್ಲಿ ನಮ್ಮಂಥವರು ಒಬ್ಬರೂ ಇಲ್ಲ. ಪಕ್ಕದ ಮೈಸೂರಿನಲ್ಲಿ ಆಶೋದಯ ಸಮಿತಿ ಇದೆ. ಎಚ್‌ಐವಿ ತಡೆಗಟ್ಟುವ ಕೆಲಸದಿಂದ ಬೆಳೆದ ಆ ಸಂಸ್ಥೆಯನ್ನು ನಡೆಸುವವರು ಲೈಂಗಿಕ ವೃತ್ತಿಯವರೇ. ತಮ್ಮಂಥವರನ್ನು ಹುಡುಕಿಕೊಂಡು ಹೋಗಿ ಕ್ಲಿನಿಕ್ಕಿಗೆ ಕರೆತಂದವರು ಅವರೇ. ಯಾವ ಕಾಯಿಲೆಗೆ ಜನ ಮುಖ ಮುಚ್ಚಿಕೊಂಡು ಬರುತ್ತಿದ್ದರೋ ಆ ಕಾಯಿಲೆಯಲ್ಲಿ ಈ ದಾರಿ ನಡೆದಿದೆ. ಮನಸ್ಸಿನ ಕಾಯಿಲೆಗೂ ಜನ ಮುಖ ಮುಚ್ಚಿಕೊಂಡೇ ಬರುತ್ತಾರೆ.

ಹೊರಗಿನ ಮಾತನ್ನೂ ಸ್ವಲ್ಪ ಹೇಳಿಬಿಡುತ್ತೇನೆ, ಸಭೆಯಲ್ಲಿ ಯಾರಾದರೂ ‘ಪುರಾವೆ ಏನು’ ಎಂದರೆ ನಿಮಗೆ ಬೇಕಾಗುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1999ರಿಂದಲೇ ಈ ಕೆಲಸಕ್ಕೆ ಸರ್ಕಾರಿ ವಿಮೆಯ ದುಡ್ಡು ಸಿಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ ಇದಕ್ಕೊಂದು ಅಧ್ಯಾಯವಿದೆ. ಇಂಗ್ಲೆಂಡಿನಲ್ಲಿ ತೀವ್ರ ಬಿಕ್ಕಟ್ಟಿನಿಂದ ಚೇತರಿಸಿಕೊಳ್ಳುತ್ತಿದ್ದ 441 ಮಂದಿಯ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಮತ್ತೆ ತುರ್ತು ಆರೈಕೆಗೆ ಬಂದವರು ಜೊತೆಗಾರರಿಲ್ಲದ ಗುಂಪಿನಲ್ಲಿ ಶೇ. 38, ಇದ್ದ ಗುಂಪಿನಲ್ಲಿ ಶೇ. 29. ಎಲ್ಲ ಅಧ್ಯಯನಗಳಲ್ಲೂ ಇಷ್ಟು ಸ್ಪಷ್ಟವಾದ ಫಲ ಬಂದಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಹೆಚ್ಚಿನವುಗಳಲ್ಲಿ ಕಂಡ ಲಾಭ ಸಣ್ಣದು: ರೋಗಿಗೆ ಭರವಸೆ ಬಂತು, ತನ್ನ ಬದುಕು ತನ್ನ ಕೈಯಲ್ಲಿದೆ ಅನ್ನಿಸಿತು. ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದವನಿಗೆ ಅದು ಸಣ್ಣದಲ್ಲ.

ಮನಸ್ಸಿನ ಆರೋಗ್ಯ ಎಂದ ಕೂಡಲೇ ನಿಮಗೆ 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ನೆನಪಾಗಬಹುದು. ಅದನ್ನು ಇದರ ಜೊತೆ ಬೆರೆಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕಬ್ಬಿನ ಬಾಕಿ ಕೊಡದೆ ಸಮಾಧಾನದ ಮಾತು ಕೊಡುವುದಕ್ಕೆ ಜೊತೆಗಾರ ಬೇಕಾಗಿಲ್ಲ.

ಇನ್ನು ಆಕ್ಷೇಪಗಳು. ‘ಅವನಿಗೇ ಮತ್ತೆ ಕಾಯಿಲೆ ಬಂದರೆ?’ ಎಂದು ಮೊದಲು ಕೇಳುತ್ತಾರೆ. ಬರಬಹುದು. ಸಕ್ಕರೆ ಕಾಯಿಲೆಯ ಗುಮಾಸ್ತನಿಗೂ ಕಾಯಿಲೆ ಏರುತ್ತದೆ, ರಜೆ ಹಾಕುತ್ತಾನೆ, ಇಳಿದ ಮೇಲೆ ಬರುತ್ತಾನೆ. ಅದಕ್ಕಾಗಿಯೇ ಒಬ್ಬರ ಬದಲು ಇಬ್ಬರನ್ನು ಸರದಿಯ ಮೇಲೆ ಇಟ್ಟುಕೊಳ್ಳಿ. ‘ಗುಳಿಗೆ ಬಿಟ್ಟುಬಿಡಿ ಎಂದು ಹೇಳಿಕೊಟ್ಟರೆ?’ ಎಂಬುದು ಎರಡನೆಯದು, ಇದು ನ್ಯಾಯವಾದ ಭಯ. ಗುಳಿಗೆಯ ಹೆಚ್ಚು ಕಡಿಮೆ ವೈದ್ಯರದೇ. ಜೊತೆಗಾರ ಅದಕ್ಕೆ ಕೈಹಾಕಬಾರದು ಎಂದು ತರಬೇತಿಯ ಮೊದಲ ದಿನವೇ ಹೇಳಬೇಕು. ಅವನ ಕೆಲಸ ಬೇರೆ. ಹೊಸಬರಿಗೆ ರಕ್ತಪರೀಕ್ಷೆಯ ಹೊತ್ತು ತಿಳಿಸುವುದು, ಒಳಗೆ ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡುವುದು, ಮಂಗಳವಾರ ಬಾರದವರಿಗೆ ಫೋನ್ ಮಾಡುವುದು, ಅಂಗವಿಕಲರ ಗುರುತಿನ ಚೀಟಿಯ ಅರ್ಜಿಗೆ ಜೊತೆಯಲ್ಲಿ ಹೋಗುವುದು, ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ ಎಂದು ಧೈರ್ಯ ಹೇಳುವುದು. ಮನೆಯವರ ಪರವಾಗಿ ಗೂಢಚಾರಿಕೆ ಮಾಡುವುದು ಅವನ ಕೆಲಸವಲ್ಲ. ನನ್ನ ಅಣ್ಣನಂಥ ಅಣ್ಣಂದಿರು ಅದನ್ನು ಕೇಳಿಯೇ ಕೇಳುತ್ತಾರೆ.

ನನಗಿರುವ ಭಯವೇ ಬೇರೆ. ನಮ್ಮನ್ನು ಕುರ್ಚಿಯಲ್ಲಿ ಕೂರಿಸದೆ ವೇದಿಕೆಯ ಮೇಲೆ ಕೂರಿಸಿ ಕಳಿಸಿಬಿಡುತ್ತಾರೆ ಎಂಬುದು. ಒಂದು ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ, ಒಂದು ಕಾರ್ಯಕ್ರಮಕ್ಕೆ ‘ಅನುಭವ ಹಂಚಿಕೊಳ್ಳಲು’ ಎಂದು ನನ್ನನ್ನು ಕರೆದಿದ್ದರು. ಐದು ನಿಮಿಷ ಮಾತನಾಡಿದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮೈಸೂರು ಪೇಟ ತೊಡಿಸಿದರು. ಊರೆಲ್ಲ ಅನುಮಾನಿಸುವ ತಲೆಯ ಮೇಲೆ ಪೇಟ! ಫೋಟೊ ತೆಗೆದರು, ನನ್ನನ್ನು ಕೇಳಿ ತೆಗೆಯಲಿಲ್ಲ. ‘ಇಂಥ ಕೆಲಸ ಖಾಯಂ ಆಗಿ ಕೊಟ್ಟರೆ ಮಾಡುತ್ತೇನೆ’ ಎಂದು ಅಲ್ಲಿನ ಒಬ್ಬ ಅಧಿಕಾರಿಗೆ ಹೇಳಿದೆ. ಅವರು ನಕ್ಕು, “ನೀವು ಗುಣವಾಗಿದ್ದೀರಲ್ಲ, ಅದೇ ದೊಡ್ಡದು” ಎಂದರು. ಬಸ್ ಚಾರ್ಜೂ ಸಿಗಲಿಲ್ಲ. ಆ ದಿನದ ಆಲೆಮನೆ ಕೂಲಿ ಹೋದದ್ದು ಲೆಕ್ಕಕ್ಕಿಲ್ಲ. ಮೂಸಂಬಿ ಮಾತ್ರ ಚೆನ್ನಾಗಿತ್ತು.

ಆದ್ದರಿಂದ ನಿರ್ಣಯದಲ್ಲಿ ‘ಸ್ವಯಂಸೇವಕ’ ಎಂಬ ಪದ ಬೇಡ. ನೇಮಕದ ಪತ್ರ, ತಿಂಗಳ ಗೌರವಧನ, ತರಬೇತಿ, ತಪ್ಪಾದರೆ ತಿದ್ದುವ ಒಬ್ಬ ಮೇಲಿನವರು ಇವು ಇರಲಿ. ತರಬೇತಿಗೆ ದೂರ ಹೋಗಬೇಕಿಲ್ಲ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 1980ರ ದಶಕದಲ್ಲಿ ಅವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಿಸಿ ತೋರಿಸಿದ್ದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆಗ ಬಳ್ಳಾರಿ, ಈಗ ಮಂಡ್ಯ ಆಗಬಾರದೇ?

ಕೆಲಸ ತನಗೇ ಸಿಗಲೆಂದು ಬರೆದಿದ್ದಾನೆ ಎಂದು ನೀವು ಅಂದುಕೊಂಡರೆ ಅದು ಪೂರ್ತಿ ಸುಳ್ಳಲ್ಲ. ಕೊಟ್ಟರೆ ಬೇಡ ಎನ್ನುವುದಿಲ್ಲ. ಆದರೆ ಮೊದಲು ಹೂವಿನಕ್ಕನನ್ನು ಕೇಳಿ. ಅವರು ಈಗ ಈ ಕಡೆಯೇ ಮಗಳ ಮನೆಯಲ್ಲಿದ್ದಾರೆ, ಮಂಗಳವಾರ ಅವರೂ ತಾಲ್ಲೂಕು ಆಸ್ಪತ್ರೆಯ ಬೆಂಚಿನಲ್ಲಿರುತ್ತಾರೆ. ಕಳೆದ ಸಲ ಬಂದಾಗ ಒಬ್ಬ ಹುಡುಗ, ಇಪ್ಪತ್ತೂ ಆಗಿರಲಾರದು, ಅಮ್ಮನ ಸೆರಗು ಹಿಡಿದು ನಿಂತಿದ್ದ. ಅಕ್ಕ ಅವನ ಕೈಗೆ ನಾರಿನ ಒಂದು ತುದಿ ಕೊಟ್ಟು, “ಸ್ವಲ್ಪ ಬಿಗಿಯಾಗಿ ಹಿಡಿದುಕೋ ಮಗು” ಎಂದರು. ಅವನ ಸರದಿ ಬರುವಷ್ಟರಲ್ಲಿ ಎರಡು ಮೊಳ ಆಗಿತ್ತು.

ಸಮಿತಿಯ ಸಭೆಯ ದಿನಾಂಕ ತಿಳಿಸಿದರೆ ನಾವಿಬ್ಬರೂ ಬರುತ್ತೇವೆ. ರಕ್ತ ಕೊಡುವ ದಿನವಾದರೆ ಹತ್ತು ಗಂಟೆಯ ಮೇಲೆ.

ಇಂತಿ ನಿಮ್ಮ ಕ್ಷೇತ್ರದ ಒಬ್ಬ ಮತದಾರ,
ಮಂಡ್ಯ ಜಿಲ್ಲೆ