ಕೆಲಸ ಸಿಕ್ಕಿತು, ಇವರಿಗೆಲ್ಲ ಥ್ಯಾಂಕ್ಸ್ ಹೇಳಲೇಬೇಕು

ಹೋದ ವಾರ ಆಫರ್ ಲೆಟರ್ ಬಂತು. ದೊಡ್ಡ ಟೆಕ್ ಕಂಪನಿ, ಫ್ರಂಟ್-ಎಂಡ್ (ವೆಬ್ ಪುಟದಲ್ಲಿ ಬಳಸುವವರ ಎದುರಿಗಿರುವ ಭಾಗ ಕಟ್ಟುವ) ಇಂಜಿನಿಯರ್ ಕೆಲಸ, ಬೆಂಗಳೂರು ಆಫೀಸು. ಹಿಂದಿನ ಕಂಪನಿ ನಮ್ಮ ತಂಡವನ್ನೇ ಮುಚ್ಚಿದ ಮೇಲೆ ಬಾಗಲಕೋಟೆಗೆ ವಾಪಸ್ ಬಂದು ನವನಗರದ ಮನೆಯಲ್ಲಿ ಕೂತು ತಯಾರಿ ಮಾಡಿದೆ. ಆ ದಿನಗಳಲ್ಲಿ ಕೈ ಹಿಡಿದವರು ಹೆಸರು ಹಾಕಬೇಡ ಅಂದಿದ್ದಾರೆ. ಹೆಸರು ಹಾಕಲ್ಲ, ಆದರೆ ಅವರು ಮಾಡಿದ್ದನ್ನು ಹೇಳದೆ ಇರೋಕೆ ಆಗಲ್ಲ.

ಮೊದಲು ಜಮಖಂಡಿಯ ನನ್ನ ಗೆಳೆಯ. ಅವನಿಗೆ ಕಣ್ಣು ಕಾಣುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ, ಕಂಪ್ಯೂಟರ್ ಬಳಸುವುದು ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಮೂಲಕ, ಅಂದರೆ ಪರದೆ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್. ಅಭ್ಯಾಸಕ್ಕೆ ಅಂತ ನಾನು ಕಟ್ಟಿದ ಪುಟಗಳನ್ನೆಲ್ಲ ಅವನು ಕೂತು ಕೇಳುತ್ತಿದ್ದ. ಸರ್ಚ್ ಬಾಕ್ಸ್‌ನಲ್ಲಿ ಎರಡು ಅಕ್ಷರ ಒತ್ತಿದರೆ ಕೆಳಗೆ ಪಟ್ಟಿ ಇಳಿಯುತ್ತದಲ್ಲ, ಅದು ನಮಗೆ ಕಾಣುತ್ತದೆ. ಕೋಡ್‌ನಲ್ಲಿ ಹೇಳಿಸದಿದ್ದರೆ ಪಟ್ಟಿ ಬಂದದ್ದೇ ಅವನಿಗೆ ಗೊತ್ತಾಗುವುದಿಲ್ಲ. ಬರೀ ಚಿತ್ರ ಇರುವ ಬಟನ್‌ಗೆ ಹೆಸರು ಕೊಡದಿದ್ದರೆ ರೀಡರ್ "ಬಟನ್" ಅಂದು ಸುಮ್ಮನಾಗುತ್ತದೆ. ಯಾವ ಬಟನ್, ಒತ್ತಿದರೆ ಏನಾಗುತ್ತದೆ, ಯಾರಿಗೆ ಗೊತ್ತು? "ಮಾನಿಟರ್ ಬಂದ್ ಮಾಡು, ಮೌಸ್ ಮುಟ್ಟಬ್ಯಾಡ, ಈಗ ಒಂದು ಬಸ್ ಟಿಕೆಟ್ ಬುಕ್ ಮಾಡಿ ತೋರ್ಸು" ಅಂದ ಒಮ್ಮೆ. ನೀವೂ ಮಾಡಿ ನೋಡಿ.

ಇಂಟರ್‌ವ್ಯೂನಲ್ಲಿ ಆಟೋಕಂಪ್ಲೀಟ್, ಅಂದರೆ ಟೈಪ್ ಮಾಡಿದಂತೆ ಕೆಳಗೆ ಇಳಿಯುವ ಆ ಪಟ್ಟಿಯನ್ನೇ, ಕಟ್ಟೋಕೆ ಕೊಟ್ಟರು. ಡಿಬೌನ್ಸ್ ಹಾಕಿ, ಟೈಪ್ ಮಾಡುವುದು ಸ್ವಲ್ಪ ನಿಂತ ಮೇಲಷ್ಟೇ ಸರ್ವರ್‌ಗೆ ಕೇಳುವುದು, ತಡವಾಗಿ ಬಂದ ಹಳೆಯ ಉತ್ತರ ಹೊಸದನ್ನು ಅಳಿಸದಂತೆ ಅಬಾರ್ಟ್‌ಕಂಟ್ರೋಲರ್‌ನಿಂದ ಹಳೆಯ ರಿಕ್ವೆಸ್ಟ್ ರದ್ದು ಮಾಡುವುದು, ಇಷ್ಟನ್ನು ತಯಾರಾಗಿ ಹೋದವರೆಲ್ಲ ಹೇಳುತ್ತಾರೆ. ನಾನು ಬಾಣದ ಕೀಗಳು, ಎಸ್ಕೇಪ್ ಕೀ, ಎಷ್ಟು ಸಲಹೆ ಬಂದಿವೆ ಅಂತ ರೀಡರ್‌ನಿಂದ ಓದಿಸುವ ಏರಿಯಾ-ಲೈವ್, ಇದನ್ನೆಲ್ಲ ಶುರು ಮಾಡಿದಾಗ ಎದುರಿಗಿದ್ದವರು ಮುಂದಿನ ಪ್ರಶ್ನೆ ಬಿಟ್ಟು ಇದನ್ನೇ ಕೆದಕಿ ಕೇಳಿದರು. ಉಳಿದ ಸಮಯವೆಲ್ಲ ಅದೇ ಮಾತು. ಆ ರೌಂಡ್ ಗೆದ್ದದ್ದು ನನ್ನ ಗೆಳೆಯ.

ಈ ಎನ್‌ವಿಡಿಎ ಪುಕ್ಕಟೆ ಸಿಗುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಅವರಿಗೂ ನನ್ನ ನಮಸ್ಕಾರ. ಹಾಗೇ 2005ರಿಂದ ಎಂಡಿಎನ್ (ವೆಬ್ ಪುಟ ಕಟ್ಟುವುದನ್ನು ಕಲಿಸುವ ಪುಕ್ಕಟೆ ಜಾಲತಾಣ) ಬರೆಯುತ್ತಾ ಬಂದವರಿಗೂ. ಕೋರ್ಸ್‌ಗೆ ದುಡ್ಡು ಸುರಿಯದೆ ನಾನು ಜಾವಾಸ್ಕ್ರಿಪ್ಟ್ ಕಲಿತದ್ದು ಅಲ್ಲೇ.

ಇನ್ನು ಇಳಕಲ್‌ನ ಅಕ್ಕ, ಕಾಲೇಜಿನಲ್ಲಿ ನನ್ನ ಸೀನಿಯರ್, ಈಗ ಬೆಂಗಳೂರಿನಲ್ಲಿದ್ದಾರೆ. ಮಗುವನ್ನು ಮಲಗಿಸಿ, ರಾತ್ರಿ ಹತ್ತರ ಮೇಲೆ ನನಗೆ ಮಾಕ್ (ಅಭ್ಯಾಸದ) ಇಂಟರ್‌ವ್ಯೂ ಮಾಡುತ್ತಿದ್ದರು. ನನಗೆ ಕೋಡ್‌ಗಿಂತ ಇಂಗ್ಲಿಷ್ ಮಾತಿನ ಭಯ ಜಾಸ್ತಿ. "ಮೊದಲು ಕನ್ನಡದಾಗ ಬಾಯಿಬಿಟ್ಟು ಹೇಳ್ಕೊಂತ ಬರಿ, ಇಂಗ್ಲಿಷ್ ಆಮೇಲೆ ನೋಡೂಣು" ಅಂದರು. ಪ್ರಾಮಿಸ್ ಡಾಟ್ ಆಲ್ (ಹಲವು ಕೆಲಸಗಳ ಉತ್ತರಕ್ಕೆ ಒಟ್ಟಿಗೆ ಕಾಯುವ ಜಾವಾಸ್ಕ್ರಿಪ್ಟ್ ಫಂಕ್ಷನ್) ನಾವೇ ಬರೆಯಬೇಕು ಅಂದರೆ ಯಾವುದು ಮೊದಲು ಮುಗಿದರೂ ಉತ್ತರಗಳು ಕೊಟ್ಟ ಕ್ರಮದಲ್ಲೇ ಬರಬೇಕು, ಒಂದು ಫೇಲ್ ಆದರೆ ಒಟ್ಟಾರೆ ಫೇಲ್ ಆಗಬೇಕು. ಅದನ್ನು ಮುಗಿಸಿದೆ ಅನ್ನುವಷ್ಟರಲ್ಲಿ "ಖಾಲಿ ಅರೇ ಕೊಟ್ರ?" ಅನ್ನುತ್ತಿದ್ದರು, ಅಂದರೆ ಏನೂ ಇಲ್ಲದ ಪಟ್ಟಿ ಕೊಟ್ಟರೆ ಏನಾಗಬೇಕು ಅಂತ. ಇಂಟರ್‌ವ್ಯೂನಲ್ಲಿ ಯಾರೂ ಕೇಳುವ ಮೊದಲೇ ಆ ಪ್ರಶ್ನೆ ನನ್ನ ಬಾಯಿಂದಲೇ ಬಂತು. ಅಕ್ಕಾ, ನಿಮ್ಮ ನಿದ್ದೆಯ ಋಣ ಹೇಗೆ ತೀರಿಸಲಿ?

ನಮ್ಮ ಓಣಿಯ ನೆಟ್ ಅಂಗಡಿ ಕಾಕಾನನ್ನು ಹೇಗೆ ಮರೆಯಲಿ? ಮನೆಯಲ್ಲಿ ಯಾವಾಗ ಕರೆಂಟ್ ಹೋಗುತ್ತದೋ ಹೇಳೋಕಾಗಲ್ಲ, ಅವರ ಅಂಗಡಿಯಲ್ಲಿ ಯುಪಿಎಸ್ ಇದೆ. ಎಲ್ಲಾ ರೌಂಡ್‌ಗೂ ಒಳಗಿನ ಕೋಣೆ ಬಿಟ್ಟುಕೊಟ್ಟರು. ಪಹಣಿ ತೆಗೆಸಲು ಬಂದವರಿಗೆ, ಜೆರಾಕ್ಸ್‌ಗೆ ಬಂದವರಿಗೆ "ಒಂದ್ ತಾಸು ತಡೀರಿಪಾ, ನಮ್ ಹುಡುಗಿ ಪರೀಕ್ಷೆ ಐತಿ" ಅಂತ ಹೇಳಿ ಪ್ರಿಂಟರ್ ಕೂಡ ಬಂದ್ ಇಡುತ್ತಿದ್ದರು. ಗಿರಾಕಿ ಬೇರೆ ಅಂಗಡಿಗೆ ಹೋದರೂ ಒಂದು ಮಾತು ಆಡಲಿಲ್ಲ. ಬಾಡಿಗೆ ಕೊಡಲು ಹೋದರೆ ಬೈದರು.

ಅವ್ವ, ಅಪ್ಪ ಇಬ್ಬರಿಗೂ. ಮಗಳು ಮನೆಯಲ್ಲೇ ಇದ್ದಾಳಲ್ಲ ಅಂತ ಕೇಳಿದ ನೆಂಟರಿಗೆ ಉತ್ತರ ಕೊಟ್ಟದ್ದು ಅವರೇ, ನನ್ನ ಕಿವಿಗೆ ಬೀಳಲು ಬಿಡಲಿಲ್ಲ.

ಮುಂದಿನ ತಿಂಗಳು ಬೆಂಗಳೂರಿಗೆ ಹೋಗುತ್ತೇನೆ. ಬಾಗಲಕೋಟೆ, ವಿಜಯಪುರ ಕಡೆ ಯಾರಾದರೂ ಫ್ರಂಟ್-ಎಂಡ್ ಇಂಟರ್‌ವ್ಯೂಗೆ ತಯಾರಿ ಮಾಡುತ್ತಿದ್ದರೆ ಮೆಸೇಜ್ ಮಾಡಿ, ಭಾನುವಾರ ಸಂಜೆ ಮಾಕ್ ಇಂಟರ್‌ವ್ಯೂಗೆ ಕೂರುತ್ತೇನೆ. ಕನ್ನಡದಲ್ಲೇ ಶುರು ಮಾಡೋಣ. ಒಂದು ಪುಟ ಕಟ್ಟಿಕೊಂಡು ಬನ್ನಿ, ಕೇಳಿ ನೋಡಲು ಜಮಖಂಡಿಯ ಗೆಳೆಯನೂ ಒಪ್ಪಿದ್ದಾನೆ.